ಕಲೆ ತೆಗೆಯುವವಳ ಮನೆಯಲ್ಲಿ ತುಕ್ಕು

ಈ ವರ್ಷದ ಪ್ಲಾಸ್ಟಿಕ್ ಮಾದರಿಗಳ ಪ್ರದರ್ಶನದಲ್ಲಿ ನನ್ನ ರೋಬೋಟನ್ನು ನೋಡಿದವರು ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಿ ಟೆಟನಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಅಂಥಾ ತುಕ್ಕು ಹಿಡಿಸುತ್ತೇನೆ! ಹೊಸ ವರ್ಷದ ದಿನ ದೇವಸ್ಥಾನದ ಗಂಟೆಯ ಹಗ್ಗ ಎಳೆದು ನಾನು ಮಾಡಿದ ಸಂಕಲ್ಪ ಇದು. ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿ ಚಿಜುರು, ಊರಿನವರಿಗೆಲ್ಲ ಒಳ್ಳೆಯ ಆರೋಗ್ಯ ಕೊಡಪ್ಪಾ ಎಂದು ಕೇಳಿಕೊಂಡಳಂತೆ. ಒಂದೇ ಮನೆಯಿಂದ ಎರಡು ಅರ್ಜಿ ಬಂದರೆ ದೇವರು ತಾನೇ ಏನು ಮಾಡಿಯಾನು?

ಜಪಾನಿನ ಶಿಜುಓಕಾದಲ್ಲಿ ನಮ್ಮದೊಂದು ಡ್ರೈ ಕ್ಲೀನಿಂಗ್ ಅಂಗಡಿ. ನಮ್ಮದು ಎಂದರೆ ನನ್ನ ಮಾವನದು. ನಾನು ಮನೆ ಅಳಿಯನಾಗಿ ಬಂದವನು. ಅಂಗಡಿ, ಇಸ್ತ್ರಿ ಪೆಟ್ಟಿಗೆ, ಕೊನೆಗೆ ನೊಜುಯೆ ಎಂಬ ಮನೆತನದ ಹೆಸರು ಕೂಡ ಹೆಂಡತಿಯ ಕಡೆಯಿಂದ ಬಂದದ್ದೇ. ಇಸ್ತ್ರಿ ನನ್ನ ಪಾಲು, ಕಲೆ ತೆಗೆಯುವುದು ಅವಳ ಪಾಲು. ಬಿಡುವಾದಾಗ ಪ್ಲಾಸ್ಟಿಕ್ ರೋಬೋಟು ಅಂಟಿಸಿ ಅದಕ್ಕೆ ಕೊಳೆ ಹಚ್ಚುವುದು ನನ್ನ ಹವ್ಯಾಸ. ಅವಳ ಕಸುಬು ಕಲೆ ತೆಗೆಯುವುದು, ನನ್ನ ಕಲೆ ಕಲೆ ಹಾಕುವುದು. ಹೀಗೆ ಒಂದೇ ಸೂರಿನಡಿ ಸಂಸಾರ ಸಾಗಿತ್ತು.

ಚಿಜುರುವಿನ ಕಣ್ಣಿನ ಬಗ್ಗೆ ಹೇಳಲೇಬೇಕು. ಗಿರಾಕಿ ಅಂಗಿಯನ್ನು ಕೌಂಟರಿನ ಮೇಲಿಟ್ಟ ಕೂಡಲೇ ಅವಳು ಕಲೆಯ ಜಾತಕ ಹೇಳಿಬಿಡುತ್ತಾಳೆ. "ಇದು ಸೋಯಾ ಸಾಸ್. ಮನೇಲಿ ಬಿಸಿನೀರು ಹಾಕಿ ಉಜ್ಜಿದ್ದೀರಿ. ಉಜ್ಜಬಾರದಿತ್ತು." ಗಿರಾಕಿ ಪೊಲೀಸರೆದುರು ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸುತ್ತಾನೆ. ಚಿಕ್ಕ ಹುಡುಗಿಯಾಗಿದ್ದಾಗಲೇ ಮಾವ ಅವಳ ಮೂಗಿಗೆ ಬಟ್ಟೆ ಹಿಡಿದು ಹಿಡಿದು ಕಲಿಸಿದ ವಿದ್ಯೆ ಅದು. ಇಂಥವಳನ್ನು ಮದುವೆಯಾದ ಮೇಲೆ ನಾನು ಹೊರಗೆ ಕದ್ದು ತಿಂದದ್ದು ಒಂದೂ ದಕ್ಕಿಲ್ಲ.

ಈಗ ನನ್ನ ರೋಬೋಟಿನ ವಿಷಯ. ಗೇಣುದ್ದದ ಗಣಿ ಕಾರ್ಮಿಕ. ದೂರದ ಗ್ರಹವೊಂದರಲ್ಲಿ ಕಲ್ಲು ಒಡೆದು ಒಡೆದು ಮುದಿಯಾದವನು. ಪೆಟ್ಟಿಗೆಯಿಂದ ತೆಗೆದಾಗ ಬೆಳ್ಳಗೆ ಮದುಮಗನ ಹಾಗೆ ಹೊಳೆಯುತ್ತಾನೆ. ಹೊಸದನ್ನು ಹೊಸದಾಗಿ ಇಡುವುದಕ್ಕೆ ಏನು ಬೇಕು? ಹೊಸದನ್ನು ಹಳೆಯದು ಮಾಡುವುದಕ್ಕೆ ಬುದ್ಧಿ ಬೇಕು. ಮೆಕ್ಯಾನಿಕ್ ಏರುವಾಗ ಎಲ್ಲಿ ಕಾಲಿಡುತ್ತಾನೋ ಅಲ್ಲಿ ಬಣ್ಣ ಸವೆಯಬೇಕು. ಕೈ ಹಿಡಿಯುವ ಕಡೆ ಲೋಹ ಮಿನುಗಬೇಕು. ಬೋಲ್ಟಿನಿಂದ ಹೊರಟ ತುಕ್ಕು ಮಳೆ ನೀರಿನ ಜೊತೆ ಕೆಳಕ್ಕೆ ಇಳಿದಿರಬೇಕು. ಸ್ಪಂಜಿನ ಚೂರು ಹರಿದು ಬಣ್ಣದಲ್ಲಿ ಅದ್ದಿ, ಅದು ಬಹುಮಟ್ಟಿಗೆ ಒಣಗಿದ ಮೇಲೆ ಅಂಚಿಗೆ ಮೆಲ್ಲಗೆ ತಟ್ಟಿದರೆ ಹತ್ತು ವರ್ಷದ ಏಟು ಒಂದು ಗಳಿಗೆಯಲ್ಲಿ ಬೀಳುತ್ತದೆ. ಇದನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ನನ್ನ ನಮಸ್ಕಾರ.

"ರೀ, ಇದು ಯಾವ ಊರಲ್ಲಿ ಕೆಲಸ ಮಾಡೋದು?" ಚಿಜುರು ಒಂದು ದಿನ ಕೇಳಿದಳು.

"ಗಾಳಿ, ನೀರು ಏನೂ ಇಲ್ಲದ ಒಂದು ಗ್ರಹದಲ್ಲಿ."

"ಗಾಳಿ, ನೀರು ಇಲ್ಲ ಅಂದ್ರೆ ತುಕ್ಕು ಹೇಗೆ ಹಿಡೀತು?"

ಆ ಕ್ಷಣವೇ ಅವನನ್ನು ಸಮುದ್ರವಿರುವ ಇನ್ನೊಂದು ಗ್ರಹಕ್ಕೆ ವರ್ಗ ಮಾಡಿದೆ.

ಬಣ್ಣದ ಕೆಲಸ ಹಿತ್ತಿಲಲ್ಲಿ ಮಾತ್ರ ಎಂಬುದು ಮನೆಯ ಕಾನೂನು. ಆದರೆ ಪ್ರದರ್ಶನಕ್ಕೆ ಆರು ದಿನ ಇದ್ದಾಗ ಹಿತ್ತಿಲಲ್ಲಿ ಭಾರೀ ಗಾಳಿ. ಚಿಜುರು ಬ್ಯಾಂಕಿಗೆ ಹೋಗಿದ್ದಳು. ನಾನು ಇಸ್ತ್ರಿ ಕೋಣೆಯಲ್ಲೇ ಕೂತು, ಬಣ್ಣ ಊದುವ ಪುಟ್ಟ ಪಿಚಕಾರಿಯಿಂದ ರೋಬೋಟಿನ ಬೆನ್ನಿಗೆ ತುಕ್ಕು ಊದಿದೆ. ರೋಬೋಟಿನ ಹಿಂದೆ ದಂತವೈದ್ಯ ಕತ್ಸುಮಾತಾ ಅವರ ಬಿಳಿ ಕೋಟು ನೇತಾಡುತ್ತಿದ್ದದ್ದು ನನಗೆ ಕಾಣಲಿಲ್ಲ. ನಮ್ಮ ಮಾದರಿ ಕ್ಲಬ್ಬಿನ ಅಧ್ಯಕ್ಷರೂ ಅವರೇ. ಕಂಡಾಗ ಕೋಟಿನ ತೋಳಿಗೆ ತುಕ್ಕು ಬಡಿದಿತ್ತು. ತುಕ್ಕು ಹಿಡಿದ ತೋಳಿನ ಡಾಕ್ಟರ ಮುಂದೆ ಯಾರು ಬಾಯಿ ತೆರೆಯುತ್ತಾರೆ?

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಹೆಮ್ಮೆ, ಆಮೇಲೆ ಹೆದರಿಕೆ. ನಡುವೆ ಕಂದು, ಅಂಚಿಗೆ ಹೋಗುತ್ತಾ ಕಿತ್ತಳೆ, ಕೊನೆಗೆ ಇದೆಯೋ ಇಲ್ಲವೋ ಎಂಬಂಥ ಹಳದಿ. ಒಳಗೆ ಹೋಗಿ ಬಣ್ಣ ಕರಗಿಸುವ ಥಿನ್ನರ್ ಬಾಟಲಿ ತರುವಷ್ಟರಲ್ಲಿ ಚಿಜುರು ಬಂದು ಕೋಟು ಕೈಗೆತ್ತಿಕೊಂಡಾಗಿತ್ತು.

"ರೀ, ಇದನ್ನ ಕಬ್ಬಿಣದ ಹ್ಯಾಂಗರಿಗೆ ಹಾಕಿದ್ರಾ? ತುಕ್ಕು ಹಿಡಿದಿದೆ ನೋಡಿ."

ನನ್ನ ಕೈ ಬಾಟಲಿಯ ಸಮೇತ ಬೆನ್ನ ಹಿಂದೆ ಹೋಯಿತು. ಊರಿನಲ್ಲೇ ತೀಕ್ಷ್ಣವಾದ ಕಣ್ಣು ನನ್ನ ಬಣ್ಣವನ್ನು ತುಕ್ಕು ಎಂದಿತ್ತು!

"ತುಕ್ಕಾ?" ಅಂದೆ.

"ತುಕ್ಕೇ."

"ಸರಿಯಾಗಿ ನೋಡು. ಬೇರೆ ಏನಾದ್ರೂ ಇರಬಹುದು."

"ನನಗೆ ಹೇಳಿಕೊಡ್ತೀರಾ? ತುಕ್ಕು ಅಂದ್ರೆ ತುಕ್ಕು."

ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಇಷ್ಟು ವರ್ಷದಲ್ಲಿ ಈ ಹೆಂಗಸು ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಹೊಗಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. ಇನ್ನು ಸ್ವಲ್ಪ ಹೊತ್ತು ಸವಿಯೋಣ ಎಂದು ಸುಮ್ಮನಾದೆ.

ಅವಳು ತುಕ್ಕಿನ ಮದ್ದು ಹಚ್ಚಿದಳು. ಕಲೆ ಹೋಗಲಿಲ್ಲ. ಹೋಗುವುದು ಹೇಗೆ? ಅದು ತುಕ್ಕಾಗಿದ್ದರೆ ತಾನೆ. ಮತ್ತೆ ಹಚ್ಚಿದಳು. ಮಾರನೆಯ ದಿನ ಮಾವನ ಕಾಲದ ಮದ್ದು ಹುಡುಕಿ ತೆಗೆದು ಅದನ್ನೂ ಹಚ್ಚಿದಳು. ಅನ್ನದ ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದಳು. ಆಮೇಲೆ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತು ಮೆಲ್ಲಗೆ ಹೇಳಿದಳು: "ಇನ್ಮೇಲೆ ಕಲೆ ಇರೋ ಬಟ್ಟೆ ಎಲ್ಲ ದೊಡ್ಡ ಕಾರ್ಖಾನೆಗೆ ಕಳ್ಸಿಬಿಡೋಣ ರೀ. ನಮಗೆ ಇಸ್ತ್ರಿ ಒಂದೇ ಸಾಕು."

ಕೂಡಲೇ ಎದ್ದೆ. ಥಿನ್ನರ್ ತಂದು, ಹತ್ತಿಯಲ್ಲಿ ಅದ್ದಿ, ಅವಳೆದುರೇ ತೋಳಿಗೆ ತಟ್ಟಿದೆ. ಕಲೆ ಕರಗಿ ಹತ್ತಿಗೆ ಬಂತು. ಇನ್ನು ಬೈಗುಳ ಶುರುವಾಗುತ್ತದೆ ಎಂದು ಕತ್ತು ಬಗ್ಗಿಸಿ ಕೂತೆ. ಅವಳು ಬೈಯಲಿಲ್ಲ. ನನಗೆ ಇನ್ನೂ ಹೆದರಿಕೆಯಾಯಿತು.

"ಬಣ್ಣಾನಾ?"

"ಬಣ್ಣ."

"ಬಣ್ಣ ನೋಡಿ ನಾನು ತುಕ್ಕು ಅಂದೆ."

"ಅದು ನಿನ್ನ ತಪ್ಪಲ್ಲ ಚಿಜುರು. ನನ್ನ ತುಕ್ಕು ಅಷ್ಟೊಂದು..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡೆ.

"ಕೈ ಸೋತ್ರೆ ಪರವಾಗಿಲ್ಲ, ಮದ್ದು ಬದಲಾಯಿಸಬಹುದು. ಕಣ್ಣೇ ಸೋತ್ರೆ ಇನ್ನೇನಿದೆ?" ಎಂದು ಎದ್ದುಹೋಗಿ ಕಾರ್ಖಾನೆಗೆ ಫೋನು ಮಾಡಿದಳು. ಸೋಮವಾರದಿಂದ ಅವರ ವ್ಯಾನು ಬಂದು ಬಟ್ಟೆ ಒಯ್ಯುವುದೆಂದು ಮಾತಾಯಿತು. ನಾನು ಏನು ಹೇಳಿದರೂ ಅವಳು ಕೇಳಲಿಲ್ಲ. ನನ್ನ ತುಕ್ಕು ಗೆದ್ದಿತ್ತು, ಮನೆ ಸೋತಿತ್ತು.

ಭಾನುವಾರ ಪ್ರದರ್ಶನಕ್ಕೆ ಅವಳನ್ನು ಬಲವಂತ ಮಾಡಿ ಕರೆದುಕೊಂಡು ಹೋದೆ. ನಮ್ಮ ಕ್ಲಬ್ಬಿನ ಮೇಜಿನ ಮುಂದೆ ಜನವೋ ಜನ. ಅದರಲ್ಲೂ ನನ್ನ ರೋಬೋಟಿನ ಮುಂದೆ! ಕತ್ಸುಮಾತಾ ಬಾಯೊಳಗಿನ ಹಲ್ಲು ನೋಡುವವರ ಹಾಗೆ ಭೂತಗನ್ನಡಿ ಹಿಡಿದು ಬಗ್ಗಿದ್ದರು.

"ನೊಜುಯೆ ಅವರೇ, ತುಕ್ಕು ಚೆನ್ನಾಗಿದೆ, ಒಪ್ಕೋತೀನಿ. ಆದ್ರೆ ಈ ಮೊಣಕಾಲಿನ ಎಣ್ಣೆ ಕಲೆ ಇದೆಯಲ್ಲ, ಇದಕ್ಕೆ ಸಾಟಿಯಿಲ್ಲ. ಕಪ್ಪಗೆ ಹೊಳೀತಿದೆ, ಅಂಚಿಗೆ ಸಣ್ಣ ಧೂಳು ಬೇರೆ ಕಚ್ಕೊಂಡಿದೆ. ಹೇಗೆ ಮಾಡಿದ್ರಿ?"

ಮೊಣಕಾಲಿಗೆ ಎಣ್ಣೆ ಹಚ್ಚಿದ ನೆನಪು ನನಗಿರಲಿಲ್ಲ. ಆದರೆ ತಾನಾಗಿ ಬಂದ ಹೊಗಳಿಕೆಯನ್ನು ಬೇಡ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. "ಅದು ಹೇಳಿಕೊಟ್ರೆ ಬರೋದಲ್ಲ, ಅನುಭವದಿಂದ ಬರಬೇಕು," ಎಂದೆ.

ಕತ್ಸುಮಾತಾ ನನ್ನ ಕಿವಿಯಲ್ಲಿ, "ಇನ್ನೇನು ತೀರ್ಪುಗಾರರು ಬರ್ತಾರೆ. ಈ ಮೊಣಕಾಲೊಂದಕ್ಕೇ ಬಹುಮಾನ ಗ್ಯಾರಂಟಿ," ಎಂದರು. ನಾನು ನೆಲದಿಂದ ಒಂದು ಮೊಳ ಮೇಲೆ ನಿಂತಿದ್ದೆ.

ಯಾರದೋ ಮದುವೆಗೆ ಬಂದವಳ ಹಾಗೆ ಹಿಂದೆ ನಿಂತಿದ್ದ ಚಿಜುರು ಆಗ ಮುಂದೆ ಬಂದಳು. ಬಗ್ಗಿದಳು. ಕಣ್ಣು ಕಿರಿದಾಯಿತು. ಅಷ್ಟು ಜನರ ಎದುರು ರೋಬೋಟಿನ ಮೊಣಕಾಲಿಗೆ ಮೂಗು ತಾಗಿಸಿದಳು.

"ಇದು ಎಣ್ಣೆ ಅಲ್ಲ," ಎಂದಳು.

ಕತ್ಸುಮಾತಾ ಭೂತಗನ್ನಡಿ ಕೆಳಗಿಳಿಸಿದರು.

"ಮೂಲಂಗಿ ಬೇಯಿಸಿದ ಓಡೆನ್ ಅಡುಗೆಯ ಕಪ್ಪು ಸಾರು. ಈ ಧೂಳು ಸಾರಿನ ಮೇಲೆ ಉದುರಿಸೋ ಒಣಮೀನಿನ ಪುಡಿ. ನಿನ್ನೆ ಮಧ್ಯಾಹ್ನದ್ದು. ಊಟದ ಕಡ್ಡಿಯಿಂದ ಮೂಲಂಗಿ ಜಾರಿ ಬಟ್ಟಲಿಗೆ ಬಿದ್ದು ಸಿಡಿದಿದೆ. ರೀ, ಊಟದ ಪಕ್ಕ ಇದನ್ನ ಇಟ್ಕೋಬೇಡಿ ಅಂತ ನಿಮಗೆ ಎಷ್ಟು ಸಲ ಹೇಳ್ಬೇಕು?"

ಒಂದಕ್ಷರ ತಪ್ಪಿರಲಿಲ್ಲ. ಮೂಲಂಗಿ ಜಾರಿದಾಗ ಅಂಗಿ ನೋಡಿಕೊಂಡಿದ್ದೆ, ಚಾಪೆ ಒರೆಸಿದ್ದೆ, ರೋಬೋಟನ್ನು ನೋಡಿರಲಿಲ್ಲ. ಜನ ಹೋ ಎಂದು ನಕ್ಕರು. ಚಿಜುರು ನಗಲಿಲ್ಲ. ಅವಳ ಮುಖ ಮಾತ್ರ ಒಂದು ವಾರದ ಮೋಡ ಸರಿದ ಹಾಗೆ ತಿಳಿಯಾಯಿತು. ಅದನ್ನು ನೋಡಿ ನನಗಾದ ಸಂತೋಷ ಯಾವ ಬಹುಮಾನದಿಂದಲೂ ಆಗುತ್ತಿರಲಿಲ್ಲ. ಆ ಸಂತೋಷದಲ್ಲಿ ಅವಳ ಕೈ ಏನು ಮಾಡುತ್ತಿದೆ ಎಂಬುದನ್ನು ನಾನು ಗಮನಿಸಲಿಲ್ಲ. ಅವಳು ಕರವಸ್ತ್ರ ಒದ್ದೆ ಮಾಡಿ ಮೊಣಕಾಲಿಗೆ ಎರಡು ಸಲ ತಟ್ಟಿದಳು. ಸಾರು ಹೋಯಿತು, ಸಾರಿನ ಜೊತೆ ಅಡಿಯಲ್ಲಿ ನಾನು ಸವರಿದ್ದ ತುಕ್ಕು ಬಣ್ಣದ ಪುಡಿಯೂ ಹೋಯಿತು. ಮೈಯೆಲ್ಲ ಹಾಳುಬಿದ್ದ ರೋಬೋಟಿಗೆ ಒಂದು ಮೊಣಕಾಲು ಮಾತ್ರ ಫಳಫಳ ಹೊಳೆಯಿತು.

"ಏನಮ್ಮಾ ಇದು, ತೀರ್ಪುಗಾರರು ಬರೋವರೆಗಾದ್ರೂ ಕಾಯಬಾರದಿತ್ತಾ?" ಕತ್ಸುಮಾತಾ ಅಳುವುದೊಂದು ಬಾಕಿ.

"ಹೇಗೆ ಕಾಯೋದು ಡಾಕ್ಟ್ರೇ? ಸಾರಿನ ಕಲೆ ಹಳೇದಾದ್ರೆ ಆಮೇಲೆ ಜಪ್ಪಯ್ಯ ಅಂದ್ರೂ ಹೋಗಲ್ಲ," ಎಂದು ಚಿಜುರು ನನ್ನ ಕಡೆ ಕೈ ಚಾಚಿದಳು. "ರೀ, ಫೋನ್ ಕೊಡಿ. ನಾಳೆ ವ್ಯಾನು ಬರೋದು ಬೇಡ ಅಂತ ಹೇಳ್ಬೇಕು."

ಫೋನು ಕೊಟ್ಟೆ. ಅವಳು ಮಾತಾಡುತ್ತಾ ಹೊರಗೆ ಹೋದಳು. ಕ್ಲಬ್ಬಿನವರು ತಮ್ಮ ತಮ್ಮ ರೋಬೋಟು ಎತ್ತಿಕೊಂಡು "ನಮ್ಮದೂ ಸ್ವಲ್ಪ ಮೂಸಿ ನೋಡಿ ತಾಯಿ" ಎಂದು ಅವಳ ಹಿಂದೆಯೇ ಹೋದರು. ಮೇಜಿನ ಬಳಿ ಉಳಿದವನು ನಾನೊಬ್ಬನೇ. ಅಷ್ಟರಲ್ಲಿ ತೀರ್ಪುಗಾರರು ಬಂದರು. ಹಿರಿಯರೊಬ್ಬರು ರೋಬೋಟನ್ನು ಸುತ್ತಲೂ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಪ್ರತಿಯೊಂದು ಗುರುತಿಗೂ ಒಂದು ಕಾರಣ ಇರಬೇಕು ನೋಡಿ. ಇಷ್ಟು ತುಕ್ಕು ಹಿಡಿದವನಿಗೆ ಈ ಒಂದು ಮೊಣಕಾಲು ಮಾತ್ರ ಯಾಕೆ ಇಷ್ಟು ಶುಭ್ರ?"

"ಅವನಿಗೆ ಮದುವೆಯಾಗಿದೆ ಸ್ವಾಮಿ," ಎಂದೆ.