ನಮ್ಮೂರಿನ ನವೆಂಬರ್ ಒಂದು

ರಾಜ್ಯೋತ್ಸವ ಬಂತೆಂದರೆ ನಮ್ಮೂರಿನಲ್ಲಿ ಏನಾದರೊಂದು ಎಡವಟ್ಟು ಆಗಲೇಬೇಕು. ಆಗದಿದ್ದರೆ ನನಗೇ ಏನೋ ಕಳೆದುಕೊಂಡ ಹಾಗಿರುತ್ತದೆ.

ನಮ್ಮೂರು ರಾಯಲ್ಪಾಡಿನ ಪಕ್ಕ. ಜೋರಾಗಿ ಕೂಗಿದರೆ ಆಂಧ್ರಕ್ಕೆ ಕೇಳಿಸುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಚರಿತ್ರೆಯಲ್ಲಿ ಬಿ.ಎ. ಮಾಡಿದ ನಮ್ಮ ಮನೆತನದ ಮೊದಲ ಹೆಣ್ಣು ನಾನು. ಮಕ್ಕಳು ಹುಟ್ಟಿದ್ದು ಇರಲಿ, ಹಸು ಕರು ಹಾಕಿದ್ದಕ್ಕೂ ತಾರೀಖು ಬರೆದಿಟ್ಟಿದ್ದೇನೆ. ನಮ್ಮ ಕೊಟ್ಟಿಗೆಯ ಕರುವಿನ ಹುಟ್ಟುಹಬ್ಬ ನನಗೆ ಗೊತ್ತು. ಈ ಜನಕ್ಕೆ ರಾಜ್ಯದ್ದು ಗೊತ್ತಿಲ್ಲ. 1956ರ ನವೆಂಬರ್ ಒಂದರಂದು ಕನ್ನಡ ನಾಡು ಒಂದಾಯಿತು. 1973ರ ನವೆಂಬರ್ ಒಂದರಂದು ಕರ್ನಾಟಕವೆಂದು ಹೆಸರಾಯಿತು. ಎರಡೇ ತಾರೀಖು. ಇವನ್ನು ನಮ್ಮೂರ ವೇದಿಕೆಯ ಮೇಲೆ ಒಮ್ಮೆಯಾದರೂ ಸರಿಯಾಗಿ ಹೇಳಿಸಬೇಕೆಂಬುದು ನನ್ನ ಹಟ.

ಒಂದನೇ ತಾರೀಖು

ನಮ್ಮ ಕನ್ನಡ ಸಂಘದ ಅಧ್ಯಕ್ಷ ಮಾವಿನ ಮಂಡಿ ಇಟ್ಟವನು. ಸಂಬಂಧದಲ್ಲಿ ನನಗೆ ಮಗನಾಗಬೇಕು. ಪ್ರತಿ ವರ್ಷ ನವೆಂಬರ್ ಕೊನೆಗೆ ರಾಜ್ಯೋತ್ಸವ ಮಾಡುತ್ತಿದ್ದ. ಒಂದು ಸಲ ಕರೆಸಿ ಕೇಳಿದೆ.

"ಒಂದನೇ ತಾರೀಖು ಯಾಕೋ ಮಾಡಲ್ಲ?"

"ದೊಡ್ಡಮ್ಮ, ಅವತ್ತು ಆರ್ಕೆಸ್ಟ್ರಾದವರು ಮಾಲೂರಿಗೆ ಹೋಗ್ತಾರೆ. ಎರಡನೇ ವಾರ ಮುಳಬಾಗಿಲು, ಮೂರನೇ ವಾರ ಕೋಲಾರ. ಉಳಿದಿದ್ದು ನಮಗೆ."

"ರಾಜ್ಯ ಹುಟ್ಟಿದ್ದು ಆರ್ಕೆಸ್ಟ್ರಾ ಕೇಳ್ಕೊಂಡಲ್ಲ ಕಣೋ. ಒಂದನೇ ತಾರೀಖು ಮಾಡೋದಾದ್ರೆ ಮಾಡು, ಇಲ್ಲದಿದ್ರೆ ನನ್ನ ಕರೀಬೇಡ."

ಮರುವಾರ ಹಲ್ಲು ಕಿರಿದುಕೊಂಡು ಬಂದ. "ನಿಮ್ಮ ಮಾತು ಉಳಿಸಿದ್ದೀನಿ ದೊಡ್ಡಮ್ಮ, ಒಂದನೇ ತಾರೀಖೇ ಗೊತ್ತು ಮಾಡಿದ್ದೀನಿ" ಎಂದು ಆಹ್ವಾನ ಪತ್ರಿಕೆ ಕೊಟ್ಟ.

ಡಿಸೆಂಬರ್ ಒಂದು.

ಮುಖ್ಯ ಅತಿಥಿ

ಇನ್ನೊಂದು ವರ್ಷ ಕೋಲಾರದಿಂದ ಒಬ್ಬ ಮುಂದಾಳು ಬಂದಿದ್ದರು. ಬಿಳಿ ಬಟ್ಟೆ, ಕಪ್ಪು ಕನ್ನಡಕ. ತಲೆಯೊಳಗೆ ಏನೂ ಇರಲಿಲ್ಲವಾದ್ದರಿಂದ ಗಂಟಲಿಗೆ ತುಂಬಾ ಜಾಗವಿತ್ತು. "1956ರಲ್ಲಿ ನಮ್ಮ ನಾಡಿಗೆ ಕರ್ನಾಟಕ ಅಂತ ಹೆಸರಿಟ್ಟರು!" ಎಂದು ಗುಡುಗಿದರು. ಜನ ಶಿಳ್ಳೆ ಹಾಕಿದರು.

ನಾನು ಎದ್ದು ನಿಂತೆ. "ಸ್ವಾಮಿ, ಒಂದಾಗಿದ್ದು 1956. ಹೆಸರಿಟ್ಟಿದ್ದು 1973."

"ಹದಿನೇಳು ವರ್ಷ ಹೆಸರೇ ಇರ್ಲಿಲ್ವೇನಮ್ಮ? ನಮ್ಮ ಕಡೆ ಮಗುಗೆ ಹನ್ನೊಂದನೇ ದಿನಕ್ಕೇ ನಾಮಕರಣ ಮಾಡ್ತಾರೆ!"

ಜನ ಬಿದ್ದು ಬಿದ್ದು ನಕ್ಕರು. "ಹೆಸರಿತ್ತು! ಮೈಸೂರು ರಾಜ್ಯ ಅಂತಿತ್ತು!" ಎಂದು ನಾನು ಕೂಗಿದೆ. ಅಧ್ಯಕ್ಷ ಓಡಿ ಬಂದು ನನಗೆ ಶಾಲು ಹೊದಿಸಿ, ಅತಿಥಿಗೆಂದು ತಂದಿದ್ದ ಮೈಸೂರು ಪೇಟವನ್ನು ನನ್ನ ತಲೆಗೆ ಒತ್ತಿದ.

"ಈಗ ಮೈಸೂರು ನಿಮ್ಮ ತಲೆ ಮೇಲೇ ಬಂತಲ್ಲ ದೊಡ್ಡಮ್ಮ, ಕೂತ್ಕೊಳ್ಳಿ."

ತಾಯಿ ಬಂದಳು

ಹೋದ ವರ್ಷ ಅತಿಥಿಗಳು ಯಾರೂ ಸಿಗಲಿಲ್ಲ. "ಈ ಸಲ ಮೈಕು ನಿಮಗೇ ದೊಡ್ಡಮ್ಮ. ನವೆಂಬರ್ ಒಂದಕ್ಕೇ" ಎಂದು ಅಧ್ಯಕ್ಷನೇ ಬಂದು ಕರೆದ. ರೇಷ್ಮೆ ಸೀರೆ ಉಟ್ಟು ಹೋದೆ. ವೇದಿಕೆಯ ಹಿಂದೆ ಕೆಂಪು ಹಳದಿ ಬಟ್ಟೆ ಮುಚ್ಚಿದ ದೊಡ್ಡ ಫ್ಲೆಕ್ಸ್ ಇತ್ತು. ಭಾಷಣವಾದ ಮೇಲೆ ಬಟ್ಟೆ ಸರಿಸಿ ತಾಯಿ ಭುವನೇಶ್ವರಿಗೆ ಹಾರ ಹಾಕುವುದೆಂದು ಏರ್ಪಾಡು.

ಎರಡು ತಾರೀಖನ್ನೂ ಬಿಡಿಬಿಡಿಸಿ ಹೇಳಿದೆ. ಊರಿನ ಅರ್ಧ ಜನಕ್ಕೆ ಆಚೆ ಕಡೆಯೂ ನೆಂಟರಿದ್ದಾರಲ್ಲ ಎಂದು, "1956ರ ಅದೇ ದಿನ ಆಂಧ್ರಪ್ರದೇಶವೂ ಹುಟ್ಟಿತು" ಎಂದು ಸೇರಿಸಿದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಹಟ ಗೆದ್ದಿತು ಎಂದುಕೊಂಡೆ.

ಬಟ್ಟೆ ಸರಿಯಿತು. ಹಸಿರು ಸೀರೆ, ಒಂದು ಕೈಯಲ್ಲಿ ಕಲಶ, ಇನ್ನೊಂದರಲ್ಲಿ ಭತ್ತದ ತೆನೆ. ಆಂಧ್ರದಲ್ಲಿರುವ ನನ್ನ ತಂಗಿಯ ಊರಿನ ವೃತ್ತದಲ್ಲಿ ನಿಂತಿರುವುದು ಇದೇ ತಾಯಿ!

"ಲೇ, ಇವಳು ಭುವನೇಶ್ವರಿ ಅಲ್ಲ ಕಣೋ, ತೆಲುಗು ತಲ್ಲಿ, ಆಂಧ್ರದೋರ ತಾಯಿ! ಎಲ್ಲಿ ಮಾಡಿಸಿದೆಯೋ?"

"ಮದನಪಲ್ಲಿಯಲ್ಲಿ. ತಾಯಿ ಚಿತ್ರ ಹಾಕಿ ಅಂದೆ, ಹಾಕಿದ್ರು" ಎಂದು ಪಿಸುಗುಟ್ಟಿದ.

ನಾನು ಹೇಳಿದ್ದೂ ಅವನು ಹೇಳಿದ್ದೂ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಅಧ್ಯಕ್ಷ ಒಂದು ಕ್ಷಣ ಬೆವರಿದ. ಆಮೇಲೆ ನನ್ನ ಕೈಯಿಂದ ಮೈಕು ಕಿತ್ತುಕೊಂಡ.

"ದೊಡ್ಡಮ್ಮ ಈಗ ತಾನೇ ಏನು ಹೇಳಿದ್ರು? ಎರಡು ರಾಜ್ಯನೂ ಒಂದೇ ದಿನ ಹುಟ್ಟಿದ್ದು ಅಂತ! ನಮ್ಮನೇಲಿ ಹಬ್ಬ ಇದ್ದಾಗ ಪಕ್ಕದ ಮನೆ ತಾಯಿನ ಕರೆಯೋದು ಮರ್ಯಾದೆ ಅಲ್ವಾ? ಅದಕ್ಕೇ ಕರೆಸಿದ್ದೀವಿ. ಐಡಿಯಾ ನಮ್ಮ ದೊಡ್ಡಮ್ಮಂದು. ಚರಿತ್ರೆ ಓದಿದೋರು!"

ನನ್ನ ಎರಡು ತಾರೀಖಿಗೆ ಬೀಳದಷ್ಟು ಚಪ್ಪಾಳೆ ಈಗ ಬಿತ್ತು. ಹಾರ ನನ್ನ ಕೈಗೇ ಬಂತು. ಹಾಕದೆ ವಿಧಿಯಿರಲಿಲ್ಲ.

ಮೊನ್ನೆ ಗೌನಿಪಲ್ಲಿಯ ಮದುವೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಬಂದು ನನ್ನ ಕಾಲಿಗೆ ಬಿದ್ದಳು. ಎರಡು ತಾರೀಖಿನ ಕೀರ್ತಿ ಇಲ್ಲಿಯವರೆಗೂ ಬಂದಿದೆಯಲ್ಲ ಎಂದು ನಾನು ಉಬ್ಬುವಷ್ಟರಲ್ಲಿ, ಅವಳು ಪಕ್ಕದವಳಿಗೆ ಹೇಳಿದಳು:

"ನೋಡೇ, ರಾಜ್ಯೋತ್ಸವಕ್ಕೆ ತೆಲುಗು ತಲ್ಲಿನ ಕರ್ಕೊಂಡು ಬಂದಿದ್ದು ಇವರೇ ಕಣೇ!"