ಸಾಹೇಬರನ್ನು ಕೂರಿಸಿದ ಮಾರೆಪ್ಪ

"ಪಂಪು ನಡೀಲಿಲ್ಲಂದ್ರ ಇವತ್ತ ಕಿತ್ಕೊಂಡು ಒಯ್ತಾರಂತಪಾ!"

ಸೈಕಲ್ ರಿಪೇರಿಯ ಖಾದರಸಾಬ ಈ ಸುದ್ದಿ ತಂದಾಗ ಮಾರೆಪ್ಪ ತಿನ್ನುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅದು ೧೯೮೭ರ ಬೇಸಿಗೆ. ಹತ್ತಿಮತ್ತೂರಿನಾಚೆ, ಕರೆಂಟು ಕಂಬ ಇನ್ನೂ ಮುಟ್ಟದ ಬೇಡರ ಕೇರಿ. ಮಾರೆಪ್ಪನ ಬದನೆ ತೋಟದ ಬಾವಿಗೆ ಸರಕಾರ ಪ್ರಯೋಗಕ್ಕೆಂದು ಕೊಟ್ಟ, ಬಿಸಿಲಿನಿಂದಲೇ ನಡೆಯುವ ಪಂಪು ಕೂತು ಹದಿನೈದು ದಿನವಾಗಿತ್ತು. ಅದನ್ನು ಪರೀಕ್ಷಿಸಲು ಹುಬ್ಬಳ್ಳಿಯ ಸಾಹೇಬರು ಹನ್ನೊಂದಕ್ಕೆ ಬರುವವರಿದ್ದರು.

ಮಾರೆಪ್ಪ ತೋಟಕ್ಕೆ ಓಡಿದ. ಪಂಪು ನಿಂತೇ ಹೋಗಿತ್ತು! ಬಿಸಿಲು ಹೀರುವ ಅದರ ಗಾಜಿನ ಹಲಗೆಗಳ ಮೇಲೆ ದಪ್ಪ ಕೌದಿ ಹೊದಿಸಿ, ಪಕ್ಕದ ಹೊಲದ ಭರಮವ್ವ ಕಾವಲು ಕೂತಿದ್ದಳು.

"ಏನಬೇ ಇದು?"

"ಕಾದು ಕೆಂಡ ಆಗಿತ್ತೋ. ಒಡದ ಹೋದೀತಂತ ನೆರಳ ಮಾಡೇನಿ."

"ಎವ್ವಾ, ಅದರ ಊಟಾನ ಬಿಸಲು!"

ಕೌದಿ ಎಳೆದ. ನೀರು ಬಂತು. ಅಷ್ಟರಲ್ಲಿ ಇಡೀ ಕೇರಿ ಬಂದು, ಮದುಮಗಳನ್ನು ನೋಡುವಂತೆ ಹಲಗೆಗಳ ಸುತ್ತ ಮುಗಿಬಿತ್ತು. ನೀರು ಮತ್ತೆ ನಿಂತಿತು.

"ಗಾಳಿ ಹೊಡೀಬೇಕಪಾ ಇದಕ್ಕ," ಎಂದ ಖಾದರಸಾಬ.

"ದೃಷ್ಟಿ ಆಗೇತಿ," ಎಂದಳು ಭರಮವ್ವ.

ಮಾರೆಪ್ಪ ಹಲಗೆ ನೋಡಿದ. ಅದರ ತುಂಬ ತಲೆಗಳ ನೆರಳು! "ಎಲ್ಲಾರೂ ಕುಂದರ್ರಿ!" ಎಂದು ಕಿರುಚಿದ. ಕೂತರು. ನೀರು ಚಿಮ್ಮಿತು.

ಆಗಲೇ ಸಾಹೇಬರನ್ನೂ ಇಬ್ಬರು ಕೆಲಸಗಾರರನ್ನೂ ಹೊತ್ತ ಜೀಪು ಬಂತು. ಸಾಹೇಬರು ಇಳಿದು, ಛತ್ರಿ ಬಿಚ್ಚಿ, ನೇರ ಹಲಗೆಯ ಮುಂದೆಯೇ ನಿಂತರು. ನೀರು ಮುದಿ ಆಡಿನ ಹಾಲಿನಂತೆ ತೊಟ್ಟಿಕ್ಕಿ ನಿಂತಿತು.

"ಇದು ನಡೀವಲ್ದಲ್ಲೋ?" ಸಾಹೇಬರು ಪೆನ್ನು ತೆಗೆದರು.

ಇಂಥವರೆದುರು ಮಾರೆಪ್ಪ ಚಪ್ಪಲಿ ಬಿಟ್ಟು ದೂರ ನಿಲ್ಲುವವನು. ಆದರೆ ಇವತ್ತು ಬಾಡಿದ ಬದನೆ ಸಸಿಗಳು ಅವನನ್ನೇ ನೋಡುತ್ತಿದ್ದವು.

"ಸಾಹೇಬ್ರ, ಛತ್ರಿ ಮುಚ್ಚಿ ಕೆಳಗ ಕುಂದರ್ರಿ."

"ಏನಂದಿ?"

"ಕುಂದರ್ರೀ ಅಂದೆ!"

ಆ ಗರ್ಜನೆಗೆ ಸಾಹೇಬರು ಬೆಚ್ಚಿ, ಭರಮವ್ವನ ಪಕ್ಕ ಮಣ್ಣಲ್ಲೇ ಕುಕ್ಕರಿಸಿದರು. ನೀರು ಭರ್ರೆಂದು ಚಿಮ್ಮಿ ಅವರ ಪ್ಯಾಂಟನ್ನೂ ತೋಯಿಸಿ ಬದನೆ ಸಾಲಿಗೆ ಹರಿಯಿತು. ಕೇರಿಯೆಲ್ಲ ಸಿಳ್ಳೆ ಹೊಡೆಯಿತು. ಸಾಹೇಬರೂ ನಕ್ಕುಬಿಟ್ಟರು.

"ಭೇಷ್ ಮಾರೆಪ್ಪ! ಇದು ನಡೀತೈತಿ ಅನ್ನೂದು ಖಾತ್ರಿ ಆತು. ಇನ್ನ ಹಿರೇಕೆರೂರ ಕಡೆ ಒಯ್ದು ಪರೀಕ್ಷೆ ಮಾಡ್ತೇವಿ."

"ಮತ್ತ... ನಡೀದಿದ್ರ?"

"ರಿಪೇರಿ ಆಗೂತನಕ ಇಲ್ಲೇ ಇರ್ತಿತ್ತು."

ಇದು ಕೇರಿಯವರಿಗೆ ಕೇಳಿಸಲಿಲ್ಲ. ಸಾಹೇಬರನ್ನೇ ನೆಲಕ್ಕೆ ಕೂರಿಸಿದ ಗಂಡನ್ನು ಅವರು ಹೆಗಲ ಮೇಲೆ ಹೊತ್ತು ಕುಣಿಯತೊಡಗಿದ್ದರು. ಜೀಪಿನವರು ಪಾನಾ ಹಿಡಿದು ಹಲಗೆಯ ಬೋಲ್ಟು ಬಿಚ್ಚುವುದು ಮೇಲಿದ್ದವನಿಗೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

"ಇಳಸ್ರೋ!" ಎಂದು ಮಾರೆಪ್ಪ ಕೂಗಿದ.

ಜನ ಅವನನ್ನು ಇನ್ನಷ್ಟು ಎತ್ತರಕ್ಕೆ ಎತ್ತಿದರು.