ಬಂದೆ ಅಂದರೆ ಹತ್ತುವ ದೀಪ

"ಈ ಹುಡ್ಗಿ ಎಸ್ಸೆಸ್ಸೆಲ್ಸಿ ದಾಟಿದ್ರೆ ನನ್ ಮೀಸೆ ಬೋಳಿಸ್ಕತೀನಿ" ಎಂದು ಜಗಲಿಯ ಮೇಲೆ ಕೂತು ಘೋಷಿಸಿದವರು ನಮ್ಮ ಸೋದರಮಾವ ನಿಂಗಪ್ಪ. ನಾನು ಎಸ್ಸೆಸ್ಸೆಲ್ಸಿ ದಾಟಿದೆ. ಹಾಸನದ ಹಾಸ್ಟೆಲಿನಲ್ಲಿ ನೀರುಸಾರು ಉಂಡು, ಸೀನಿಯರುಗಳು ಬಿಸಾಕಿದ ರೆಕಾರ್ಡ್ ಹಾಳೆಗಳ ಖಾಲಿ ಬೆನ್ನಿನ ಮೇಲೆ ಲೆಕ್ಕ ಮಾಡಿ ಬಿ.ಎಸ್ಸಿ. ದಾಟಿದೆ. ಬಿ.ಎಡ್. ಕೂಡ ದಾಟಿ, ನಮ್ಮ ವಂಶದ ಮೊಟ್ಟಮೊದಲ ಪದವೀಧರೆಯಾಗಿ, ಹೊಳೆನರಸೀಪುರದ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಆಗಿ ಬಂದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮಾವನ ಮೀಸೆ ಮಾತ್ರ ಇದ್ದಲ್ಲೇ ಇದೆ.

ಹೀಗಾಗಿ ನಮ್ಮ ಮನೆ ಓನರ್ ಪುಟ್ಟಸ್ವಾಮಿಯವರು "ಆಗಾಕಿಲ್ಲ" ಎಂದಾಗ ನನಗೆ ಬೇಜಾರಾಗಲಿಲ್ಲ, ಹುರುಪೇ ಬಂತು. ಪುಟ್ಟಸ್ವಾಮಿಯವರು ನಿವೃತ್ತ ಲೈನ್‌ಮನ್. ಕೆಳಗಿನ ಮನೆ ಅವರದು, ಮೇಲಿನದು ನನ್ನ ಬಾಡಿಗೆ ಮನೆ. ನಾನು ಅಂಚೆಯಲ್ಲಿ ತರಿಸಿದ ವೈಫೈ ಬೋರ್ಡನ್ನು ಅವರು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಬಿಸ್ಕತ್ತಿನಷ್ಟು ಗಾತ್ರ. ಎರಡೂ ಪಕ್ಕದಲ್ಲಿ ಜರಿಹುಳದ ಕಾಲಿನಂಥ ಪಿನ್ನುಗಳು. ಅಷ್ಟರಲ್ಲೇ ಒಂದು ಪುಟ್ಟ ಕಂಪ್ಯೂಟರು, ವೈಫೈ ಹಿಡಿಯಲು ಒಂದು ಆಂಟೆನಾ. ಬೆಲೆ, ಇಬ್ಬರು ಹೋಟೆಲಿನಲ್ಲಿ ಒಂದು ಸಲ ಊಟ ಮಾಡಿದಷ್ಟು. ನಾನು ಒಬ್ಬಳೇ ಆದ್ದರಿಂದ ಎರಡು ಸಲ ಊಟ ಮಾಡಿದಷ್ಟು ಅನ್ನಬೇಕು.

"ಇದು ನೀವು ಬಂದ ತಕ್ಷಣ ಮನೆ ದೀಪ ಹತ್ತಿಸ್ತದಾ?"

"ಹತ್ತಿಸುತ್ತೆ. ನಾನು ಬಾಗಿಲಲ್ಲಿ ನಿಂತು ಹೇಳಿದರೆ ಹತ್ತಿಸುತ್ತೆ."

"ಮೇಡಂ, ಮೂವತ್ತು ವರ್ಷ ಕಂಬ ಹತ್ತಿವ್ನಿ. ಬಾಯಲ್ಲಿ ಹೇಳಿದ್ರೆ ನಮ್ಮನೆಯೋಳೇ ಸ್ವಿಚ್ ಹಾಕಾಕಿಲ್ಲ. ಈ ಬಿಸ್ಕತ್ತು ಹಾಕ್ತದಾ!"

ಯಾಕೆ ಬೇಕಿತ್ತು ನನಗೆ ಇದೆಲ್ಲ? ಸಂಜೆ ಶಾಲೆಯಿಂದ ಬಂದು ಬೀಗ ತೆಗೆದರೆ ಒಳಗೆ ಕತ್ತಲೆ. ಗೋಡೆ ತಡವಿ ಸ್ವಿಚ್ ಹುಡುಕುವ ಆ ಅರ್ಧ ನಿಮಿಷ ನನಗೆ ಆಗುವುದಿಲ್ಲ. ಅವ್ವ ಇದ್ದಾಗ ನಾನು ಮೆಟ್ಟಿಲು ಹತ್ತುವ ಸದ್ದಿಗೇ ಬಾಗಿಲು ತೆಗೆಯುತ್ತಿದ್ದಳು. ಅಕ್ಕಂದಿರು ಅವರವರ ಸಂಸಾರದಲ್ಲಿ ಮುಳುಗಿದ್ದಾರೆ. ಅವ್ವ ಹೋದ ಮೇಲೆ ನನ್ನನ್ನು ವಿಚಾರಿಸುವ ಜೀವವೆಂದರೆ ಅವ್ವನ ತಂಗಿ, ನಮ್ಮ ಚಿಕ್ಕವ್ವ. ಅರಕಲಗೂಡಿನ ಆಚೆ ಹಳ್ಳಿಯಲ್ಲಿ ಶುಂಠಿ ಬೆಳೆಯುತ್ತಾಳೆ. ಪ್ರತಿ ಭಾನುವಾರ ಫೋನು.

"ಕತ್ಲೆ ಮನೆಗೆ ಒಬ್ಳೇ ನುಗ್ತೀಯಲ್ಲಾ ಮಗಾ, ನನಗೆ ಉಂಡಿದ್ದು ಒಳಕ್ಕೆ ಇಳಿಯಾಕಿಲ್ಲ. ಆ ಮನೆ ಬಿಟ್ಟು ಇಲ್ಲಿಗೆ ಬಂದ್ಬುಡು. ಇಲ್ಲಿಂದ್ಲೇ ಬಸ್ಸಲ್ಲಿ ಓಡಾಡು."

"ನನಗೇನೂ ಬೇಜಾರಿಲ್ಲ ಚಿಕ್ಕವ್ವ. ಮನೆಯೇ ನನ್ನನ್ನು ಕರೆದುಕೊಳ್ಳೋ ಹಾಗೆ ಮಾಡ್ತಿದ್ದೀನಿ. ಬಂದು ನೋಡುವೆಯಂತೆ."

"ಮನೆ ಎಂಗವ್ವಾ ಕರ್ಕತದೆ? ಅದಕ್ಕೇನ್ ಬಾಯೈತಾ?"

ಬಾಯಿ ಇಲ್ಲದಿದ್ದರೇನು, ಕಿವಿ ಕೊಡಿಸಬಹುದಲ್ಲ! ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂಥ ಬೋರ್ಡುಗಳ ಬಗ್ಗೆ ಭಾನುವಾರದ ತರಬೇತಿ ಶುರುವಾಗಿತ್ತು. ಸೇರಿಕೊಂಡೆ. ಕೊನೆಯ ದಿನ ಎಲ್ಲರೂ ಮಾಡಿದ್ದನ್ನು ತೋರಿಸಬೇಕು. ಒಂದು ನಿಮಿಷ ಎಡವದೆ ನಡೆದರೆ "ಯಶಸ್ವಿಯಾಗಿ ಪೂರೈಸಿದ್ದಾರೆ" ಎಂಬ ಸರ್ಟಿಫಿಕೇಟು. ಇಲ್ಲವಾದರೆ "ಭಾಗವಹಿಸಿದ್ದಾರೆ" ಎಂಬುದು. ಚಿಕ್ಕವ್ವನ ಎದುರಿಗೇ ಆ ಮೊದಲನೆಯದನ್ನು ತೆಗೆದುಕೊಳ್ಳಬೇಕು, ಆಮೇಲೆ ಅವಳು "ಮನೆ ಬಿಟ್ಟು ಬಾ" ಅನ್ನಬಾರದು. ಇದು ನನ್ನ ಯೋಜನೆ.

ಯೋಜನೆಯ ಮೊದಲ ಹಂತದಲ್ಲಿ ಬೋರ್ಡಿಗೂ ಕಂಪ್ಯೂಟರಿಗೂ ವೈರು ಸಿಕ್ಕಿಸಿದೆ. ಬೋರ್ಡಿನ ಮೇಲೆ ಕೆಂಪು ದೀಪ ಹತ್ತಿತು. ಅಷ್ಟೇ. ನಾನು ಬರೆದ ಪ್ರೋಗ್ರಾಂ ಒಳಗೇ ಹೋಗಲಿಲ್ಲ. ಬೋರ್ಡೇ ಸರಿಯಿಲ್ಲ ಅಂತ ಇನ್ನೊಂದು ತರಿಸಿದೆ. ಅದೂ ಹಾಗೇ. ಮೂರನೆಯದು ತರಿಸಿದೆ. ತರಬೇತಿಯ ಮೇಷ್ಟ್ರನ್ನು ಕೇಳಲು ಪದವೀಧರೆಯ ಜಂಬ ಬಿಡಲಿಲ್ಲ. ಹೊಳೆನರಸೀಪುರದ ಮೊಬೈಲ್ ಅಂಗಡಿಯಲ್ಲಿ ಕೇಳಿದೆ, ಅವರು ಬೋರ್ಡನ್ನು ತಿರುಗಿಸಿ ಮುರುಗಿಸಿ "ಸಿಮ್ ಎಲ್ಲಿ ಹಾಕೋದು?" ಎಂದರು. ಕೊನೆಗೆ ಮದುವೆಯೊಂದಕ್ಕೆ ಚನ್ನರಾಯಪಟ್ಟಣಕ್ಕೆ ಹೋದವಳು, ಛತ್ರದ ಎದುರಿನ ಮೊಬೈಲ್ ರಿಪೇರಿ ಅಂಗಡಿಯವನಿಗೆ ಬೋರ್ಡನ್ನೂ ವೈರನ್ನೂ ತೋರಿಸಿದೆ. ಅವನು ಬೋರ್ಡಿನ ಕಡೆ ನೋಡಲೂ ಇಲ್ಲ.

"ಅಕ್ಕಾ, ಇದು ಬರೀ ಚಾರ್ಜಿಂಗ್ ವೈರು. ಇದ್ರಲ್ಲಿ ಕರೆಂಟ್ ಹೋಯ್ತದೆ, ಮಾತು ಹೋಗಾಕಿಲ್ಲ."

ಒಂದು ತಿಂಗಳು ನಾನು ಕಿವುಡು ವೈರಿನ ಜೊತೆ ಜಗಳವಾಡಿದ್ದೆ!

ಎರಡನೆಯ ಹಂತ ವೈಫೈ. ನನ್ನ ಮನೆಯಲ್ಲಿ ವೈಫೈ ಇಲ್ಲ, ಮೊಬೈಲಿನದ್ದನ್ನೇ ಹಂಚಿಕೊಟ್ಟೆ. ಬೋರ್ಡು ಚಕ್ಕನೆ ಹಿಡಿಯಿತು. ಕಿಟಕಿಯಲ್ಲಿ ಇಟ್ಟ ಹಳೆಯ ಮೊಬೈಲು ನನ್ನ ಮಾತು ಕೇಳಿ ಅಕ್ಷರ ಮಾಡುತ್ತದೆ, ಬೋರ್ಡಿಗೆ ಕಳಿಸುತ್ತದೆ, ಬೋರ್ಡು ಟಕ್ ಎಂದು ದೀಪ, ಫ್ಯಾನು, ರೇಡಿಯೋ ಮೂರನ್ನೂ ಹಾಕುತ್ತದೆ. ಮನೆಯೊಳಗೆ ಕೂತು ಇಪ್ಪತ್ತು ಸಲ ಪರೀಕ್ಷಿಸಿದೆ. ಇಪ್ಪತ್ತು ಸಲವೂ ಜಯ! ಮರುದಿನ ಶಾಲೆಗೆ ಹೋಗುವಾಗ ನನ್ನ ಹೊಸ ಮೊಬೈಲನ್ನು ಪರ್ಸಿಗೆ ಹಾಕಿಕೊಂಡು ಹೊರಟೆ. ಅದರ ಜೊತೆ ವೈಫೈಯೂ ಹೊರಟಿತು, ಒಮ್ಮೆ ಕಡಿದ ಸಂಪರ್ಕ ತಾನಾಗಿ ಮತ್ತೆ ಕೂಡುತ್ತಿರಲಿಲ್ಲ. ಸಂಜೆ ಬಾಗಿಲಲ್ಲಿ ನಿಂತು ಕೂಗಿದರೆ ಒಳಗೆ ಎಲ್ಲ ನಿದ್ದೆ ಹೊಡೆಯುತ್ತಿತ್ತು. ನಾನಿಲ್ಲದಾಗ ನನ್ನ ದಾರಿ ಕಾಯಬೇಕಾದ ಬೋರ್ಡಿಗೆ, ನಾನಿದ್ದಾಗ ಮಾತ್ರ ವೈಫೈ! ಇದನ್ನು ಕಂಡುಹಿಡಿಯಲು ಒಬ್ಬ ವಿಜ್ಞಾನದ ಪದವೀಧರೆಗೆ ಐದು ದಿನ ಬೇಕಾಯಿತು.

ಪುಟ್ಟಸ್ವಾಮಿಯವರ ಮನೆಯ ವೈಫೈ ಕೇಳಿದೆ. ಪಾಸ್‌ವರ್ಡ್ ಬಾಯಿಬಿಟ್ಟು ಹೇಳಲಿಲ್ಲ. ದನದ ಜಾತ್ರೆಯಲ್ಲಿ ಬಟ್ಟೆಯ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರ ಹಾಗೆ, ಕೈಗೆ ಟವೆಲ್ ಮುಚ್ಚಿಕೊಂಡು ನನ್ನ ಕಂಪ್ಯೂಟರಿನಲ್ಲಿ ತಾವೇ ಒತ್ತಿಕೊಟ್ಟರು.

ಮೂರನೆಯ ಹಂತ ಮಾತು. ಇಲ್ಲಿ ನಾನು ಶಾಸ್ತ್ರಬದ್ಧವಾಗಿ ಕೆಲಸ ಮಾಡಿದೆ. ಬರುವುದಕ್ಕೆ ಸಂಬಂಧಿಸಿದ ಯಾವ ಮಾತು ಕೇಳಿದರೂ, ಬಂದೆ, ಬರ್ತೀನಿ, ಬತ್ತೀನಿ, ಎಲ್ಲ ಹತ್ತಬೇಕು. ಹೋಗ್ತೀನಿ ಎಂದರೆ ಎಲ್ಲ ಆರಬೇಕು. ಮೊಬೈಲು ನಮ್ಮ ಕಡೆಯ "ಬತ್ತೀನಿ"ಯನ್ನು ಮೊದಮೊದಲು "ಬತ್ತಿ" ಎಂದು ಬರೆಯುತ್ತಿತ್ತು. ದೀಪದ ವಿಷಯವೇ ಆದ್ದರಿಂದ ಅದನ್ನೂ ಸೇರಿಸಿದೆ. ಇದರಲ್ಲಿ ತಪ್ಪೇನಿದೆ? ತರ್ಕ ಶುದ್ಧ!

ಬೆಳಿಗ್ಗೆ ಎದ್ದು ತಯಾರಾದೆ, ಬೀಗ ಹಾಕಿದೆ, ಶಾಲೆಗೆ ಹೋದೆ. ಸಂಜೆ ಬಂದರೆ ಮೆಟ್ಟಿಲಿನ ಕೆಳಗೆ ಪುಟ್ಟಸ್ವಾಮಿಯವರು ಕೈಯಲ್ಲಿ ಹಾರೆ ಹಿಡಿದು ಕೂತಿದ್ದರು.

"ಮೇಡಂ, ಸದ್ದು ಮಾಡ್ಬ್ಯಾಡಿ. ಮ್ಯಾಲೆ ಕಳ್ಳ ಅವ್ನೆ."

"ಕಳ್ಳನಾ! ಯಾವಾಗಿಂದ?"

"ಬೆಳಿಗ್ಗೆ ನೀವು ಹೋದಾಗಿಂದ. ಫ್ಯಾನ್ ಹಾಕ್ಕೊಂಡವ್ನೆ, ಲೈಟ್ ಹಾಕ್ಕೊಂಡವ್ನೆ. ಬಡ್ಡೀಮಗ ಕೃಷಿ ವಾರ್ತೆ ಕೇಳ್ತಾ ಕೂತವ್ನೆ! ಇಳಿದು ಬರ್ಲಿ ಅಂತ ನಾನು ಊಟಾನೂ ಇಲ್ಲೇ ತರಿಸ್ಕೊಂಡೆ."

ಬೆಳಿಗ್ಗೆ ನಡೆದದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಬೀಗ ಹಾಕಿದ ಮೇಲೆ, ಹುಟ್ಟಿದಾಗಿನಿಂದ ಆದ ಅಭ್ಯಾಸದಂತೆ, ಬಾಗಿಲಿಗೆ "ಬತ್ತೀನಿ" ಎಂದು ಹೇಳಿ ಇಳಿದಿದ್ದೆ. ನಮ್ಮ ಕಡೆ ಹೊರಡುವವರು ಹೇಳುವುದೇ ಹಾಗಲ್ಲವೇ! ಬೋರ್ಡು ಅದನ್ನು ಅಕ್ಷರಶಃ ನಂಬಿ ದಿನವಿಡೀ ದೀಪ ಹಚ್ಚಿಕೊಂಡು ಕಾದಿತ್ತು.

"ಬತ್ತೀನಿ ಅಂದೆ, ಹತ್ತಿಕೊಂಡುಬಿಟ್ಟಿತು. ಹೋಗ್ತೀನಿ ಅಂದಿದ್ದರೆ ಆರುತ್ತಿತ್ತು" ಎಂದು ಪುಟ್ಟಸ್ವಾಮಿಯವರಿಗೆ ವಿವರಿಸಿದೆ.

ಅವರು ಹಾರೆ ಕೆಳಗಿಟ್ಟರು. "ಬುಡ್ತು ಅನ್ನಿ ಮೇಡಂ! ಮನೆಯಿಂದ ಹೊರಡೋವಾಗ ಯಾರಾದ್ರೂ ಓಯ್ತೀನಿ ಅಂತಾರಾ? ಹೆಣ ಹೋದಂಗೆ? ಓದಿದೋರಾಗಿ!" ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು, "ಅದಿರ್ಲಿ, ಖಾಲಿ ಮನೇಲಿ ಬತ್ತೀನಿ ಅಂತ ಯಾರಿಗ್ ಹೇಳಿದ್ರಿ?"

"ಬೀಗಕ್ಕೆ" ಎಂದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಹಾರೆ ಎತ್ತಿಕೊಂಡು ಒಳಗೆ ಹೋದರು.

ಅಂದೇ ಮಾತುಗಳನ್ನು ಬದಲಾಯಿಸಿದೆ. ಹತ್ತಲು "ಬಂದೆ" ಒಂದೇ. ಆರಲು "ಸಾಕು". ಸುಸ್ತಾದ ದಿನ ನಾನು "ಸಾಕಪ್ಪಾ" ಅನ್ನುವುದೂ ಉಂಟು, ಹಾಗಾಗಿ "ಸಾಕ" ಎಂದು ಶುರುವಾಗುವ ಯಾವ ಮಾತಿಗೂ ಆರುವಂತೆ ಬರೆದೆ. ಈ ಸಲ ಅವಸರ ಮಾಡಲಿಲ್ಲ. ಒಂದು ತಿಂಗಳು ದಿನವೂ ಪರೀಕ್ಷಿಸಿದೆ. ಸಂಜೆ ಬಾಗಿಲಲ್ಲಿ ನಿಂತು "ಬಂದೆ" ಎನ್ನುತ್ತಿದ್ದೆ, ಒಳಗೆ ಟಕ್ ಎಂದು ದೀಪ ಹತ್ತಿ ರೇಡಿಯೋದಲ್ಲಿ ಯಾರೋ ಮಾತು ಶುರು ಮಾಡುತ್ತಿದ್ದರು. ಮಲಗುವ ಮುಂಚೆ "ಸಾಕು" ಎಂದರೆ ಅವರೂ ಸುಮ್ಮನಾಗುತ್ತಿದ್ದರು. ನಿಜ ಹೇಳುತ್ತೇನೆ, ಕೆಲವು ದಿನ ಆ ಮನೆಯಲ್ಲಿ ನಾನಾಡಿದ ಮಾತು ಇವೆರಡೇ. ಒಂದು ಸಲವೂ ತಪ್ಪಲಿಲ್ಲ.

ಕೊನೆಯ ಭಾನುವಾರ ಮಿಕ್ಸಿಯ ರಟ್ಟಿನ ಡಬ್ಬದಲ್ಲಿ ಮನೆಯ ಮಾದರಿ ಮಾಡಿ, ಅದರಲ್ಲಿ ಬೋರ್ಡು, ಕಿಟಕಿಯ ಹಳೆಯ ಮೊಬೈಲು, ಬಲ್ಬು, ಆಟಿಕೆ ಫ್ಯಾನು, ರೇಡಿಯೋ ಎಲ್ಲ ಕೂರಿಸಿ, ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹಾಸನದ ಬಸ್ಸು ಹತ್ತಿದೆ. ಚಿಕ್ಕವ್ವ ಆಗಲೇ ಬಂದು ಸಭಾಂಗಣದ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಡಿಲಲ್ಲಿ ನನಗೆಂದು ತಂದ ಶುಂಠಿಯ ಚೀಲ.

ತರಬೇತಿಯ ಮೇಷ್ಟ್ರು ನನ್ನನ್ನು ಕರೆದರು. ಪ್ರಿನ್ಸಿಪಾಲರು ಗಡಿಯಾರ ಹಿಡಿದು ಕೂತರು. "ಮೂರು ಅವಕಾಶ ಮೇಡಂ. ಒಂದು ನಿಮಿಷ ಆರದೆ ಇರಬೇಕು."

ನಾನು ಗಂಟಲು ಸರಿಮಾಡಿಕೊಂಡು "ಬಂದೆ" ಎಂದೆ. ಟಕ್! ಬಲ್ಬು ಹತ್ತಿತು, ಫ್ಯಾನು ತಿರುಗಿತು, ರೇಡಿಯೋ ಹಾಡಿತು. ಚಿಕ್ಕವ್ವ ಎದ್ದು ನಿಂತಳು.

"ಅಯ್ಯೋ ಸಾಕೂ! ಎಂಗ್ ಹತ್ತಿತು ನೋಡೇ!"

ಟಕ್. ಕತ್ತಲೆ.

ಓದುಗರೇ, ನನ್ನ ಹೆಸರು ಸಾಕಮ್ಮ. ನಾಲ್ಕನೆಯ ಹೆಣ್ಣಾಗಿ ಹುಟ್ಟಿದ ತಪ್ಪಿಗೆ ಅಪ್ಪ ಇಟ್ಟ ಹೆಸರು. ಸ್ವಂತ ಹೆಸರು ಮರೆಯುವವರು ಉಂಟೇ ಎಂದು ನೀವು ಕೇಳಬಹುದು. ಶಾಲೆಯಲ್ಲಿ ನಾನು ಟೀಚರ್. ಪುಟ್ಟಸ್ವಾಮಿಯವರಿಗೆ ಮೇಡಂ. ಅಂಗಡಿಯವನಿಗೆ ಅಕ್ಕ. ಸಾಕೂ ಅನ್ನುವವಳು ಚಿಕ್ಕವ್ವ ಒಬ್ಬಳೇ, ಅದೂ ಫೋನಿನಲ್ಲಿ, ನನ್ನ ಕಿವಿಯೊಳಗೆ. ಕಿಟಕಿಯ ಮೊಬೈಲಿಗೆ ಅದು ಕೇಳಿಸುವುದು ಹೇಗೆ? ಒಂದು ತಿಂಗಳ ಪರೀಕ್ಷೆಯಲ್ಲಿ ಆ ಮನೆಯೊಳಗೆ ನನ್ನ ಹೆಸರು ಹಿಡಿದು ಕರೆದವರು ಒಬ್ಬರೂ ಇರಲಿಲ್ಲ. ಹಾಗಾಗಿ ಪರೀಕ್ಷೆ ನೂರಕ್ಕೆ ನೂರು!

"ಚಿಕ್ಕವ್ವ, ಸುಮ್ನೆ ಕೂತ್ಕೋ" ಎಂದು ಬೇಡಿಕೊಂಡು ಎರಡನೆಯ ಸಲ "ಬಂದೆ" ಎಂದೆ. ಹತ್ತಿತು. ಹತ್ತು ಸೆಕೆಂಡು ಹೋಯಿತು.

"ಯಾಕೆ ಸಾಕೂ, ನಾನೇನ್ ಮಾಡ್ದೆ?"

ಟಕ್.

ಸಭೆಗೆ ಆಟ ಅರ್ಥವಾಯಿತು. ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು. ಮೇಷ್ಟ್ರು ಎಲ್ಲರಿಗೂ ಬಾಯಿಯ ಮೇಲೆ ಬೆರಳಿಡಲು ಹೇಳಿದರು. ಚಿಕ್ಕವ್ವ ಬೆರಳು ನಂಬದೆ ಸೆರಗನ್ನೇ ಬಾಯಿಗೆ ತುರುಕಿಕೊಂಡಳು. ಮೂರನೆಯ ಸಲ "ಬಂದೆ". ಹತ್ತಿತು. ಇಪ್ಪತ್ತು ಸೆಕೆಂಡು. ಮೂವತ್ತು. ಇಡೀ ಸಭಾಂಗಣದಲ್ಲಿ ನನ್ನ ರಟ್ಟಿನ ಮನೆಯ ರೇಡಿಯೋ ಒಂದೇ ಹಾಡುತ್ತಿತ್ತು. ನಲವತ್ತು. ನನ್ನ ಕಣ್ಣಲ್ಲಿ ನೀರು. ಐವತ್ತು. ಮೇಷ್ಟ್ರಿಗೆ ಅಭಿಮಾನ ತಡೆಯಲಾಗಲಿಲ್ಲ.

"ಸಾಕು ಮೇಡಂ, ತುಂಬಾ ಚೆನ್ನಾಗಿದೆ!"

ಟಕ್.

ಪ್ರಿನ್ಸಿಪಾಲರು ಗಡಿಯಾರ ನೋಡಿ "ಐವತ್ತೆರಡು" ಎಂದರು. ನಿಯಮ ಎಂದರೆ ನಿಯಮ. ಮೇಷ್ಟ್ರು ಎಷ್ಟು ಸಲ ಕ್ಷಮೆ ಕೇಳಿದರೆಂದರೆ, ಕೊನೆಗೆ ನಾನೇ ಅವರಿಗೆ ಸಮಾಧಾನ ಹೇಳಬೇಕಾಯಿತು. ತಪ್ಪು ಬೋರ್ಡಿನದಲ್ಲ, ಅವರದೂ ಅಲ್ಲ. ಬೋರ್ಡು ಕೇಳಿದ್ದನ್ನು ಮಾಡಿತು. ಮೂರು ಬೋರ್ಡು, ಒಂದು ಕಿವುಡು ವೈರು, ಒಂದು ಹಾರೆ, ಎರಡು ಡಿಗ್ರಿ, ಇಷ್ಟೆಲ್ಲ ಖರ್ಚು ಮಾಡಿ ನಾನು ಕಂಡುಹಿಡಿದದ್ದು ನನ್ನ ಹೆಸರು ಕರೆದರೆ ಕತ್ತಲಾಗುವ ಮನೆ!

ವೇದಿಕೆಯಲ್ಲಿ ನನ್ನ ಕೈಗೆ ಸರ್ಟಿಫಿಕೇಟು ಕೊಟ್ಟರು. ಕೆಳಗಿಳಿದು ಬಂದು ಚಿಕ್ಕವ್ವನ ಪಕ್ಕ ಕೂತೆ. ಅವಳು ಕೈ ಒರೆಸಿಕೊಂಡು ಅದನ್ನು ಇಸಕೊಂಡಳು, ತಲೆಕೆಳಗಾಗಿ ಹಿಡಿದು ನೋಡಿದಳು. ಓದು ಬರಹ ಅವಳಿಗೆ ಬಾರದು.

"ಏನಂತ ಬರ್ದವ್ರೆ ಮಗಾ?"

"ಭಾಗವಹಿಸಿದ್ದಾರೆ ಅಂತ."

"ಅಂಗಂದ್ರೆ?"

"ಗೆಲ್ಲಲಿಲ್ಲ, ಬಂದಿದ್ದರು ಅಂತ."

ಚಿಕ್ಕವ್ವ ಸರ್ಟಿಫಿಕೇಟನ್ನು ನನ್ನ ಮಡಿಲಿಗೆ ಹಾಕಿ, ಶುಂಠಿಯ ಚೀಲವನ್ನು ಅದರ ಮೇಲಿಟ್ಟಳು.

"ಬಂದಿದ್ದಕ್ಕೆ ಕೊಡ್ತಾರಾ? ಅಂಗಾರೆ ನನಗೂ ಒಂದು ಈಸ್ಕೊಡೇ. ಎರಡು ಬಸ್ಸು ಬದ್ಲಾಯ್ಸಿ ನಾನೂ ಬಂದಿಲ್ವಾ?"